ವೈನಿಯ ಲಂಗೋಟಿ ತಪಾಸಣೆ

ನಮ್ಮ ವೈನಿ ಬರುತ್ತಾರೆಂದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಕೂಸುಳ್ಳವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇದು ಉತ್ಪ್ರೇಕ್ಷೆಯೇ? ಇದ್ದರೂ ಸ್ವಲ್ಪವೇ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರ್. ಹಸುಗೂಸುಗಳ ಲಿವರ್ ರೋಗದ ಮೇಲೆ ಸಂಶೋಧನೆ. ಲೋಕದ ಜನ ಕೂಸು ನೋಡಿ ಮೂಗು ಯಾರ ಹಾಗಿದೆ ಎಂದು ಕೇಳುತ್ತಾರೆ. ವೈನಿ ಕೇಳುವುದು ಒಂದೇ: "ಹೇಲು ಯಾವ ಬಣ್ಣ ಐತಿ?"

ಜಮಖಂಡಿಯ ನೆಂಟರ ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ ಊಟದ ಪಂಕ್ತಿಯಲ್ಲೇ ಕೇಳಿಬಿಟ್ಟರು. ತುಪ್ಪ ಬಡಿಸುತ್ತಿದ್ದ ಕೂಸಿನ ಅಜ್ಜ ಮಿಳ್ಳಿ ಹಿಡಿದು ಹಾಗೇ ನಿಂತ.

"ಹಳದಿ ಐತ್ರಿ."

"ಛಲೋ ಆತು. ಹಾಕ್ರಿ ತುಪ್ಪ."

ವೈನಿ ಹೋಳಿಗೆ ಮುರಿದರು. ಪಕ್ಕದಲ್ಲಿ ಕೂತವರು ಮಾತ್ರ ಎಲೆ ಮಡಚಿ ಎದ್ದರು.

ನನ್ನ ಬಾಣಂತನಕ್ಕೂ ಬಂದರು. ಕತ್ತಲೆ ಕೋಣೆ, ಕೆಂಡದ ಹೊಗೆ, ದಿನಾ ಎಣ್ಣೆ-ಅರಿಷಿಣದ ಸ್ನಾನ. ತಿಂಗಳು ದಾಟಿದ್ದ ನನ್ನ ಮಗಳನ್ನು ಅವ್ವ ಬಂಗಾರದ ಗೊಂಬಿ ಎನ್ನುತ್ತಿದ್ದಳು. ವೈನಿ ಬಂದವರೇ ಕಿಟಕಿ ತೆಗೆದರು.

"ಕೂಸಿಗೆ ಗಾಳಿ ಬಡೀತೈತಿ," ಎಂದಳು ಅವ್ವ.

"ಕೂಸು ಹಳದಿ ಆಗೇತ್ರಿ ಅತ್ತಿ."

"ಅರಿಷಿಣ ಹಚ್ಚಿ ಎರದ್ರ ಹಳದಿ ಆಗದ ಹಸರ ಆಗತೈತೇನ?"

ವೈನಿ ಕೂಸಿನ ರೆಪ್ಪೆಯನ್ನು ಮೆಲ್ಲಗೆ ಮೇಲೆತ್ತಿದರು. "ಕಣ್ಣಿಗೂ ಅರಿಷಿಣ ಹಚ್ಚೀರೇನ್ರಿ?"

ನಾನು ನಕ್ಕೆ. ವೈನಿ ನಗಲಿಲ್ಲ. ಲಂಗೋಟಿ ಬಿಚ್ಚಿದರು. ಅದರಲ್ಲಿ ಇದ್ದದ್ದು ಜೋಳದ ಹಿಟ್ಟು ಕಲಸಿಟ್ಟಂತೆ ಬೆಳ್ಳಗಿತ್ತು.

"ಬರೇ ಹಾಲು ಕುಡಿಯೂ ಕೂಸು, ಬೆಳ್ಳಗ ಇರತೈತಿ," ಎಂದಳು ಅವ್ವ ಹೆಮ್ಮೆಯಿಂದ. ಮಾತಿಗೆ ಮಾತು ಬಿಡದ ವೈನಿ ಲಂಗೋಟಿ ಮಡಚಿಟ್ಟು ನನ್ನ ಕಡೆ ತಿರುಗಿದರು.

"ಕೂಸಿನ ಅರಿವಿ ಚೀಲಕ್ಕ ತುಂಬಕೋ. ಈಗ ಹುಬ್ಬಳ್ಳಿಗೆ ಹೋಗೂನು."

ಗಾಡಿಯಲ್ಲಿ ಹೇಳಿದರು: ಲಿವರಿನಿಂದ ಪಿತ್ತ ಇಳಿಯುವ ನಾಳ ಮುಚ್ಚಿದಂತಿದೆ, ಅದಕ್ಕೇ ಹೇಲಿಗೆ ಬಣ್ಣವಿಲ್ಲ. ಪರೀಕ್ಷೆ ಮಾಡಿ ಬೇಗ ಆಪರೇಷನ್ ಮಾಡಬೇಕು. ತಡವಾದಷ್ಟೂ ಲಿವರ್ ಕೆಡುತ್ತದೆ. ಇಂಥ ಕೂಸುಗಳು ಆಸ್ಪತ್ರೆಗೆ ಯಾಕೆ ತಡವಾಗಿ ಬರುತ್ತವೆ ಎಂಬುದೇ ಅವರ ಸಂಶೋಧನೆಯಂತೆ. ಉತ್ತರ ನಮ್ಮ ಕೋಣೆಯಲ್ಲೇ ಇತ್ತು!

"ಆಪರೇಷನ್ ಮಾಡಿದ್ರ ಉಳಿತಾಳೇನ್ರಿ ವೈನಿ?"

"ಭಾಳ ಮಂದಿಗೆ ಛಲೋ ಆಗತೈತಿ. ಎಲ್ಲಾರಿಗೂ ಆಗೂದಿಲ್ಲ. ಸುಳ್ಳು ಹೇಳಲಾರೆ ತಂಗಿ."

ನಾನು ಅಳುತ್ತಿದ್ದೆ. ಸಮಾಧಾನ ಮಾಡಲೆಂದು ಡ್ರೈವರ್ ತನಗೂ ಮೊಮ್ಮಗ ಹುಟ್ಟಿದ್ದಾನೆ ಎಂದ. ಸುಮ್ಮನಿರುತ್ತಾರೆಯೇ ವೈನಿ? ಅವರ ಅದೇ ಪ್ರಶ್ನೆ ಕೇಳಿ ಅವನು ಗಾಡಿಯನ್ನು ಕಬ್ಬಿನ ಟ್ರ್ಯಾಕ್ಟರಿಗೆ ತಾಗಿಸುವುದೊಂದು ಬಾಕಿ!

ಆಪರೇಷನ್ ಆಯಿತು. ಪಿತ್ತ ಇಳಿದಿದೆಯೋ ಇಲ್ಲವೋ ಲಂಗೋಟಿಯೇ ಹೇಳಬೇಕಿತ್ತು. ಪ್ರತಿ ಸಲ ನಾನೇ ಬಿಚ್ಚಿ ನೋಡುತ್ತಿದ್ದೆ. ಬೆಳ್ಳಗೆ. ಮತ್ತೆ ಬೆಳ್ಳಗೆ. ನಾನು ಊಟ ಬಿಟ್ಟೆ. ಅವ್ವ ಆಸ್ಪತ್ರೆಯ ಮೂಲೆಯಲ್ಲಿ ಕೂತು ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು.

ಒಂದು ಮುಂಜಾನೆ ಹಸಿರು ಕಂಡಿತು. ನಾನು ವೈನಿಯನ್ನು ಕೂಗಿದೆ. ಓಡಿಬಂದು ನೋಡಿದರು, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

"ಪಿತ್ತ ಇಳದೈತಿ. ಇನ್ನೂ ವರ್ಷಗಟ್ಟಲೆ ನೋಡಕೋಬೇಕು, ಆದರ ಇಳದೈತಿ."

ಆಮೇಲೆ ಕಣ್ಣು ಒರೆಸಿಕೊಂಡು ಎರಡೂ ಕೈ ಚಾಚಿದರು.

"ಕೊಡು ಇಲ್ಲೆ. ಇಷ್ಟು ದಿನ ಡಾಕ್ಟರ್ ಆಗಿ ಮುಟ್ಟೇನಿ. ಒಂದ್ಸಲ ಅತ್ತಿ ಆಗಿ ಎತ್ಕೋತೀನಿ."