ದಿನಕ್ಕೆ ಎರಡು ಗುರುತು

ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಜನ ಹೊಗಳುವುದುಂಟು. ಬಾರದೆ ಏನು, ಚೆನ್ನಾಗಿಯೇ ಬರುತ್ತದೆ. ಹೇಳಿದ ಮೇಲೆ ಅದನ್ನು ಸಾಕುವುದು ಮಾತ್ರ ನನ್ನಿಂದಾಗುವುದಿಲ್ಲ. ಜಾಣರು ಸುಳ್ಳು ಹೇಳಿ ಮರೆತುಬಿಡುತ್ತಾರೆ. ನಾನು ಅದರ ಹಿಂದೆಯೇ ತಿರುಗುತ್ತ, ಯಾರಾದರೂ ಹಿಡಿದಾರೆಂದು ಬೆವರುತ್ತ ಇರುತ್ತೇನೆ. ನನ್ನ ಆಯುಷ್ಯದಲ್ಲಿ ನಾನಾಡಿದ ಅತಿ ದೊಡ್ಡ ಸುಳ್ಳು ಹನ್ನೆರಡು ಔನ್ಸಿನದು. ಅದನ್ನು ಔಷಧದ ಬಾಟಲಿಯೊಂದರಲ್ಲಿ ತುಂಬಿ, ಬಿರಡೆ ಜಡಿದು, ಹುಬ್ಬಳ್ಳಿಯಿಂದ ವಿಲಾಯತಿಯ ಹಡಗಿಗೆ ಹೊತ್ತುಕೊಂಡು ಹೋಗಿದ್ದೆ.

ನಮ್ಮದು ಹತ್ತಿಯ ವ್ಯಾಪಾರ. ನಾವು ಬಿಗಿದು ಕಟ್ಟಿ ಕಳಿಸುವ ಅಂಡಿಗೆಗಳಲ್ಲಿ ಹತ್ತಿಗಿಂತ ಕಸವೇ ಹೆಚ್ಚೆಂದು ಲಿವರ್‌ಪೂಲಿನಿಂದ ಮೇಲಿಂದ ಮೇಲೆ ಕಾಗದ ಬರುತ್ತಿದ್ದ ಕಾಲವದು. ಆ ಮಂದಿ ಹತ್ತಿಯನ್ನು ಹೇಗೆ ಪರೀಕ್ಷೆ ಮಾಡುತ್ತಾರೆಂದು ಕಣ್ಣಾರೆ ನೋಡಿ ಬಾ ಎಂದು ದೊಡ್ಡಪ್ಪ ನನ್ನನ್ನು ಕಳಿಸಲು ನಿಶ್ಚಯಿಸಿದರು. ದೊಡ್ಡಪ್ಪ ಒಪ್ಪಿದರೆ ಆಯಿತೇ? ದೊಡ್ಡವ್ವ ಒಪ್ಪಬೇಡವೇ! ನಾನು ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ನನ್ನನ್ನು ಎತ್ತಿ ಆಡಿಸಿ, ಬೈದು, ಬಡಿದು ಮನುಷ್ಯನನ್ನಾಗಿ ಮಾಡಿದವಳು ದೊಡ್ಡವ್ವ. ಬೆಳಗ್ಗೆ ಎದ್ದು ವಿಭೂತಿ ಧರಿಸಿ ಪೂಜೆಗೆ ಕೂತರೆ ಮನೆಯಲ್ಲಿ ಬೆಕ್ಕು ಕೂಡ ಮೆಲ್ಲಗೆ ನಡೆಯುತ್ತಿತ್ತು. ಊರಿಗೆ ಹೊಸದಾಗಿ ಬಂದ ಚಹವನ್ನೂ ಆಕೆ ನಶೆಯ ಪದಾರ್ಥಗಳ ಪಟ್ಟಿಯಲ್ಲೇ ಸೇರಿಸಿದ್ದಳು. ನಾಲ್ಕು ದಿನ ಅತ್ತು, ಐದನೆಯ ದಿನ ನನ್ನನ್ನು ಮುಂದೆ ಕೂಡಿಸಿಕೊಂಡು ಹೇಳಿದಳು: "ಹೋಗು, ಬ್ಯಾಡ ಅನ್ನಂಗಿಲ್ಲ. ಖರೇ ನನ್ನ ತಲಿ ಮುಟ್ಟಿ ಆಣಿ ಮಾಡು. ಆ ಮಂದಿ ಕುಡಿಯೂದನ್ನ ನೀ ಕುಡಿಯಬಾರದು. ಬೇಕಾದ್ರ ಚಾ ಕುಡಿ, ಅಷ್ಟು ಬಿಟ್ಟೇನಿ." ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಆ ತಲೆಗೇ ಕೇಡು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಮುಟ್ಟಿದೆ, ಆಣೆ ಮಾಡಿದೆ. ಆಗ ನನ್ನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ.

ಕಪಟ ಮರುದಿನ ಬಸಣ್ಣನ ರೂಪದಲ್ಲಿ ಬಂತು. ಬಸಣ್ಣ ನನ್ನ ಬಾಲ್ಯದ ಗೆಳೆಯ. ಒಮ್ಮೆ ಮುಂಬಯಿ ಬಂದರಿನಲ್ಲಿ ನಿಂತು ಹಡಗು ನೋಡಿ ಬಂದವನು. ಅದರೊಳಗೆ ಕಾಲಿಟ್ಟಿರಲಿಲ್ಲ, ಆದರೂ ಹಡಗಿನ ವಿಷಯದಲ್ಲಿ ಕಪ್ತಾನನಿಗೂ ಪಾಠ ಹೇಳಬಲ್ಲವನು. "ಕ್ಯಾಬಿನ್ನಿನ್ಯಾಗ ಮಂದಿ ಬಂದು ಕುಂತಾಗ ಏನ್ ಕೊಡ್ತೀಯೋ? ಶೇಂಗಾ ಹಿಂಡಿ? ಒಂದ್ ಬಾಟ್ಲಿ ಬ್ರಾಂಡಿ ಇರಬೇಕಪಾ, ಇಲ್ಲಂದ್ರ ಮರ್ಯಾದಿ ಇಲ್ಲ," ಎಂದ. ಹಡಗಿನಲ್ಲೇ ಸಿಗುತ್ತದಲ್ಲ ಎಂದೆ. "ಸಿಗತೈತಿ. ಚೀಟಿ ಮ್ಯಾಲೆ ಸಹಿ ಮಾಡಬೇಕು. ಆ ಚೀಟಿ ಸೀದಾ ನಿಮ್ಮ ದೊಡ್ಡಪ್ಪನ ಕೈಗೆ ಬರತೈತಿ, ನೋಡ್ಕೊ ಮತ್ತ!" ಚೀಟಿಯ ಮಾತು ಕೇಳಿದ ಮೇಲೆ ನಾನು ವಾದ ಬಿಟ್ಟೆ. ಕುಡಿಯುವುದು ನಾನಲ್ಲ, ಬಂದ ಅತಿಥಿಗಳು, ಅದರಿಂದ ಆಣೆಗೆ ಭಂಗವಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಬಸಣ್ಣ ಸ್ಟೇಶನ್ ಕಡೆಯ ಅಂಗಡಿಯಿಂದ ಮಾಲು ತಂದ. ನಾನು ಅದನ್ನು ದವಾಖಾನೆಯ ಕಂದು ಬಾಟಲಿಗೆ ಸುರಿದೆ. ಅಂದಿನ ಔಷಧದ ಬಾಟಲಿಗಳ ಪಕ್ಕಕ್ಕೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಒಂದು ಹಲ್ಲೆಂದರೆ ಒಂದು ಗುರುತು, ಒಂದು ಹೊತ್ತಿನ ಔಷಧ. ಅದನ್ನೂ ನಾನೇ ಕತ್ತರಿಸಿ, ನಡುಗುವ ಕೈಯಿಂದ ಅಂಟು ಹಚ್ಚಿ ಕೂಡಿಸಿ, ಮೇಲೊಂದು ಚೀಟಿ ಬರೆದೆ: "ಹೊಟ್ಟೆಶೂಲೆಗೆ. ದಿನಕ್ಕೆ ಎರಡು ಗುರುತು." ಧಾರವಾಡದ ಪಂಡಿತರೊಬ್ಬರು ಕೊಟ್ಟದ್ದೆಂದು ಮನೆಯಲ್ಲಿ ಹೇಳಿದೆ.

ಟ್ರಂಕು ತುಂಬುವ ಅಧಿಕಾರ ದೊಡ್ಡವ್ವನದು. ನಮ್ಮ ಓಣಿಯವರಿಗೆ ಲಿವರ್‌ಪೂಲ್ ಎಂದರೆ ಗದಗಿಗಿಂತ ತುಸು ಮುಂದೆ ಎಂಬ ಅಂದಾಜಿತ್ತು. ಪ್ರತಿ ಮನೆಯಿಂದಲೂ ಬುತ್ತಿ ಬಂತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ, ಮಾದಲಿ, ಕರದಂಟು. ಅಂಗಿಗಳಿಗೆ ಜಾಗ ಉಳಿಯಲಿಲ್ಲ. ಬಾಟಲಿಯನ್ನು ಮಾತ್ರ ದೊಡ್ಡವ್ವ ತಾನೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಳು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಹಡಗಿನಲ್ಲಿ ನನ್ನ ಕೋಣೆಯ ಪಾಲುಗಾರರು ಧಾರವಾಡದ ವಕೀಲ ಶ್ರೀಪಾದರಾಯರು. ಹುಬ್ಬಳ್ಳಿಯವರಿಗೆ ಮಾತನಾಡಲು ಬರುವುದಿಲ್ಲ, ಕೂಗಲು ಮಾತ್ರ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಅವರ ಮುಂದೆ ಸಣ್ಣವನಾಗಬಾರದೆಂದು ಮೊದಲ ಸಂಜೆಯೇ ಬಾಟಲಿ ಹೊರತೆಗೆದು, "ಬ್ರಾಂಡಿ ಐತ್ರಿ. ನಾ ಯಾವಾಗ್ಲೂ ಜೋಡಿ ಇಟ್ಟಿರತೇನಿ," ಎಂದುಬಿಟ್ಟೆ. ರಾಯರು ಕೋಣೆಯ ಬಾಗಿಲಿಗೆ ಹಚ್ಚಿದ್ದ ನೋಟೀಸಿನ ಕಡೆ ಬೆರಳು ತೋರಿಸಿದರು. ಪ್ರಯಾಣಿಕರು ಸ್ವಂತದ ಮದ್ಯವನ್ನು ಕೋಣೆಯಲ್ಲಿ ಇಟ್ಟುಕೊಳ್ಳಕೂಡದು, ಬೇಕಾದವರು ಹಡಗಿನ ಬಾರಿನಲ್ಲೇ ಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ನನಗೆ ಕಪ್ತಾನನೂ ದೊಡ್ಡವ್ವನೂ ಒಟ್ಟಿಗೆ ಕಣ್ಣಮುಂದೆ ಬಂದರು. ರಾಯರು ಬಾಟಲಿ ಇಸಕೊಂಡು ಚೀಟಿಯನ್ನು ಎರಡು ಸಲ ಓದಿದರು. "ಏನ್ ಬರದದ ಇಲ್ಲೆ? ಹೊಟ್ಟಿಶೂಲಿಗೆ. ಮುಗೀತಲ್ರಿ! ನೋಟೀಸು ಮದ್ಯಕ್ಕದ, ಔಷಧಕ್ಕ ಅಲ್ಲ. ಕಾಯ್ದೆ ನಮ್ಮ ಕಡೆ ಅದ. ತಗೀರಿ ಬಿರಡಿ," ಎಂದರು.

ತೆಗೆದೆ. ಅತಿಥಿಗೆ ಕೊಟ್ಟು ಸುಮ್ಮನಿರುವುದೆಂದು ನಿಶ್ಚಯಿಸಿದ್ದೆ. "ಏನ್ರಿ, ನನಗೊಬ್ಬನಿಗೇ ವಿಷಾ ಕೊಡ್ತೀರೇನು?" ಎಂದರು. ನನ್ನ ಕೈ ನನ್ನ ಮಾತು ಕೇಳದೆ ನನಗೂ ಒಂದು ಗ್ಲಾಸು ಸುರಿಯಿತು. ಒಂದೇ ಗುಟುಕಿಗೆ ಗಂಟಲಿನಿಂದ ಹೊಟ್ಟೆಯವರೆಗೆ ಬೆಂಕಿ ಬಿತ್ತು. ರಾಯರು ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸಿ, ಕಣ್ಣು ಮುಚ್ಚಿ, "ಹಳೇ ಮಾಲು ಅದರಿ," ಎಂದರು. "ಸ್ವಲ್ಪ ಶುಂಠಿ ಹತ್ತಿದಂಗ ಆಗತೈತಲ್ರಿ?" ಎಂದು ನಾನು ಅಂಜುತ್ತ ಕೇಳಿದೆ. "ಛಲೋ ಬ್ರಾಂಡಿಗೆ ಅದೇ ಪರೀಕ್ಷಾ," ಎಂದರು. ಎದ್ದು ನಿಂತರೆ ನೆಲ ಅಲುಗುತ್ತಿತ್ತು. ಹಡಗಿನ ನೆಲ ಅಲುಗದೆ ಏನು ಮಾಡೀತು? ಅದು ನಮಗೆ ಹೊಳೆಯಲಿಲ್ಲ; ನಶೆ ಏರಿತೆಂದು ಇಬ್ಬರೂ ನಿಶ್ಚಯಿಸಿದೆವು. ರಾಯರು ನನ್ನನ್ನು "ಮಿಲಾರ್ಡ್" ಎಂದು ಕರೆದು ಸೋತ ದಾವೆಯೊಂದನ್ನು ಮೊದಲಿನಿಂದ ವಾದಿಸಿ ಗೆದ್ದರು. ಹೀಗೆ ಮೂರು ಸಂಜೆ ನಡೆಯಿತು. ಹಡಗಿನ ಅರ್ಧ ಮಂದಿ ವಾಂತಿಯಿಂದ ಮಲಗಿದ್ದರೆ ನಾವಿಬ್ಬರೂ ಸಜ್ಜೆರೊಟ್ಟಿ ಮುರಿಯುತ್ತ ಗುಂಡುಕಲ್ಲಿನಂತೆ ಕೂತಿದ್ದೆವು. ಆದರೆ ಮಲಗಿದೊಡನೆ ದೊಡ್ಡವ್ವನ ತಲೆ ನೆನಪಾಗುತ್ತಿತ್ತು. ಆ ತಲೆಗೆ ಏನಾದರೂ ಆಗಿದ್ದರೆ? ಹಡಗಿಗೆ ತಾರು ಬಂದಿದ್ದರೆ? ಕಣ್ಣಲ್ಲಿ ನೀರು ಬರುತ್ತಿತ್ತು.

ನಾಲ್ಕನೆಯ ಸಂಜೆ ತಳದಲ್ಲಿ ಉಳಿದದ್ದನ್ನು ಬಗ್ಗಿಸಿದೆವು. ರಾಯರು ಒಂದು ಗುಟುಕು ಕುಡಿದರು. ಬಾಯಿಗೆ ಬೆರಳು ಹಾಕಿ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಮೆಣಸಿನ ಕಾಳು! ನನ್ನ ಗ್ಲಾಸಿನಲ್ಲಿ ಶುಂಠಿಯ ಚೂರು, ಜ್ಯೇಷ್ಠಮಧುವಿನ ನಾರು. ಹುಟ್ಟಿದಾಗಿನಿಂದ ಕುಡಿದು ಬೆಳೆದ ಕಷಾಯ ನನಗೆ ಗುರುತು ಸಿಗಲಿಲ್ಲವಲ್ಲ! ಬಾಟಲಿಗೆ ಹತ್ತಿದ ಬ್ರಾಂಡಿಯ ವಾಸನೆಯೇ ನಮ್ಮಿಬ್ಬರನ್ನೂ ಆಡಿಸಿತ್ತು. "ಅಲ್ರೀ, ನೀವು ಮೊದಲ ಎಂದೂ ಬ್ರಾಂಡಿ ಕುಡದಿಲ್ಲೇನು?" ಎಂದರು ರಾಯರು. "ಇಲ್ರಿ. ನೀವು?" "ನಮ್ಮ ಮನ್ಯಾಗ ಗೊತ್ತಾದ್ರ ಒಳಗ ಕರಕೊಳ್ತಾರೇನ್ರಿ?" ಎಂದರು. ಅಷ್ಟೇ ಸಾಕಾಯಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕ ನಗೆಗೆ ಪಕ್ಕದ ಕೋಣೆಯ ಸಾಹೇಬ ಗೋಡೆ ಬಡಿದ. ಬಡಿಯಲಿ! ಆಣೆ ಉಳಿದಿತ್ತು, ದೊಡ್ಡವ್ವನ ತಲೆ ಉಳಿದಿತ್ತು. ಆ ಸಂಜೆ ನನ್ನಷ್ಟು ಸುಖಿ ಇಡೀ ಅರಬ್ಬೀ ಸಮುದ್ರದಲ್ಲಿ ಯಾರೂ ಇರಲಿಲ್ಲ.

ಆರು ತಿಂಗಳ ಮೇಲೆ ಮನೆಗೆ ಬಂದೆ. ದೊಡ್ಡವ್ವ ದೃಷ್ಟಿ ತೆಗೆದು, ಊಟಕ್ಕೆ ಹಾಕಿ, ಎಲ್ಲರೂ ಎದ್ದು ಹೋದ ಮೇಲೆ ಮೆಲ್ಲಗೆ ಹೇಳಿದಳು: "ಹಡಗಿನ್ಯಾಗ ಡಾಕ್ಟರ ಇರತಾನಂತ, ನನಗಿಲ್ಲೆ ಯಾರದಾರ? ಅದಕ್ಕ ನಿನ್ನ ಔಷಧ ನಾ ಇಟಗೊಂಡು ನನ್ನ ಕಷಾಯ ನಿನಗ ಹಾಕಿ ಕಳಿಸಿದ್ನಿ. ದಿನಾ ಎರಡು ಗುರುತು ತಗೊಂಡೆ. ನನ್ನ ಹೊಟ್ಟಿಶೂಲಿ ಎತ್ತ ಹೋತೋ! ನಿನ್ನ ಮೊದಲ್ನೇ ಕಾಗದ ಬರೂದ್ರಾಗ ಮುಗದ ಹೋತು ನೋಡು. ಆವಾಗಿಂದ ನಿನ್ನ ದಾರಿ ಕಾಯಾಕತ್ತೇನಿ. ಆ ಪಂಡಿತರ ಕಡೆ ಇನ್ನೊಂದು ಬಾಟ್ಲಿ ತಂದುಕೊಡು."

"ದೊಡ್ಡವ್ವಾ, ಅದು ಔಷಧ ಅಲ್ಲ..." ಎಂದು ತೊದಲಿದೆ.

"ಕಂಪೌಂಡರ ಹಚ್ಚಿದ ಪಟ್ಟಿ ನಾ ಎಷ್ಟು ನೋಡಿಲ್ಲ! ನೀ ಸೊಟ್ಟ ಹಚ್ಚಿದ್ದಿ, ಆವತ್ತೇ ತಿಳೀತು. ಈ ಸಲ ನೆಟ್ಟಗ ಹಚ್ಚು, ನಿಮ್ಮ ದೊಡ್ಡಪ್ಪನ ಕಣ್ಣು ಚುರುಕದಾವು."

"ಮತ್ತ ಆಣಿ?"

"ಆಣಿ ನೀ ಮಾಡಿದ್ದಿ. ನಾ ಯಾರ ತಲಿ ಮುಟ್ಟೇನಿ?" ಎಂದು ನನ್ನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು.

ಅಂದಿನಿಂದ ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕಾಗದದ ಹಲ್ಲು ಕತ್ತರಿಸಿ ಅಂಟಿಸುತ್ತ ಬಂದಿದ್ದೇನೆ. ಪಟ್ಟಿ ಇನ್ನೂ ನೆಟ್ಟಗೆ ಕೂಡುವುದಿಲ್ಲ. ಎರಡು ಗುರುತು ತೆಗೆದುಕೊಳ್ಳುವ ದೊಡ್ಡವ್ವ ಈ ವಯಸ್ಸಿನಲ್ಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಾಳೆ. ಒಂದು ತೊಟ್ಟೂ ಕುಡಿಯದ ನನ್ನ ಕೈ ಮಾತ್ರ ನಡುಗುತ್ತದೆ.