ಹೂಜಿಗಿಡದ ಪಥ್ಯ

ನಮ್ಮ ಸೋದರತ್ತೆಯ ಕೈಗೆ ಸಿಕ್ಕರೆ ಹುಲಿಯೂ ಮೊಸರನ್ನ ಉಂಡು, ಬಾಯಿ ಮುಕ್ಕಳಿಸಿ, ಹಣೆಗೆ ವಿಭೂತಿ ಇಟ್ಟುಕೊಂಡೇ ಕಾಡಿಗೆ ವಾಪಸ್ ಹೋಗಬೇಕು. ನಂಬಿಕೆ ಬರದಿದ್ದರೆ ಅವರ ಮನೆ ಬೆಕ್ಕನ್ನು ಕೇಳಿ. ಒಮ್ಮೆ ಅದು ಒಂದು ಇಲಿ ಹಿಡಿದು, ಬಹುಮಾನ ಸಿಗುತ್ತದೆ ಅನ್ನುವ ಆಸೆಯಿಂದ ತಂದು ನಡುಮನೆಯಲ್ಲಿ ಇಟ್ಟಿತು. ಅತ್ತೆ ಅದನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ, ಬಿಸಿನೀರು ಹುಯ್ದು, ಸೀಗೆಪುಡಿ ತಿಕ್ಕಿ, ಅರ್ಧ ಗಂಟೆ ಬುದ್ಧಿ ಹೇಳಿದರು. ಅವತ್ತಿನಿಂದ ಬೆಕ್ಕು ಇಲಿ ಹಿಡಿಯುವುದನ್ನೇನೂ ಬಿಡಲಿಲ್ಲ, ಮನೆಗೆ ತರುವುದನ್ನು ಬಿಟ್ಟಿತು.

ಇಂಥ ಮನೆಗೆ ಸೊಸೆಯಾಗಿ ಬಂದವಳು ದೇಚು. ಪೊನ್ನಂಪೇಟೆ ಕಡೆಯ ಕೊಡವರ ಹುಡುಗಿ, ಅರಣ್ಯಶಾಸ್ತ್ರ ಓದಿದವಳು. ಅತ್ತೆಯ ಮಗ ಅವಳನ್ನೇ ಮದುವೆಯಾಗ್ತೀನಿ ಅಂದಾಗ ನಾವೆಲ್ಲ ಮನೆಯ ಹೆಂಚು ಹಾರಿಹೋಗುತ್ತದೆ ಅಂತ ಕಾದೆವು. ಒಂದೂ ಹಾರಲಿಲ್ಲ. "ಹುಡುಗಿ ಒಳ್ಳೇಳಾದ್ರೆ ಸಾಕು. ಅಡುಗೆಮನೆ ಮಾತ್ರ ನನ್ನದು" ಅಂದರು ಅತ್ತೆ, ಅಷ್ಟೇ. ದೇಚು "ಆಯ್ತು ಅತ್ತೆ" ಅಂದಳು. ಆಮೇಲಿನ ಎರಡು ವರ್ಷ ಆ ಮನೆಯಲ್ಲಿ ಅವಳ ಬಾಯಿಂದ ಹೆಚ್ಚು ಕೇಳಿಸಿದ ಮಾತು "ಸಾಕು ಅತ್ತೆ". ಪಲ್ಯ ಬಡಿಸಿದರೆ ಸಾಕು ಅತ್ತೆ, ತುಪ್ಪ ಹಾಕಿದರೆ ಸಾಕು ಅತ್ತೆ. "ಎಷ್ಟು ಸಂಕೋಚದ ಹುಡುಗಿ ನೋಡೋ" ಅಂತ ಅತ್ತೆ ನನ್ನ ಹತ್ತಿರ ಹೆಮ್ಮೆಪಡುತ್ತಿದ್ದರು. ಬಸುರಿಯಾದಾಗ ಡಾಕ್ಟರು ರಕ್ತ ಕಮ್ಮಿ ಇದೆ ಅಂದರು. ಅತ್ತೆ ದಿನಾ ಬೀಟ್ರೂಟ್ ಬೇಯಿಸಿದರು. ಮನೆಮಂದಿಯ ನಾಲಿಗೆಯೆಲ್ಲ ಕೆಂಪಾಯಿತು, ದೇಚುವಿನ ಕೆನ್ನೆ ಮಾತ್ರ ಇದ್ದ ಹಾಗೇ ಇತ್ತು.

ದೇಚು ಬರುವಾಗ ಎರಡು ಸೂಟ್‌ಕೇಸಿನ ಜೊತೆ ಒಂದು ಕುಂಡವನ್ನೂ ತಂದಿದ್ದಳು. ಅದರಲ್ಲೊಂದು ಹೂಜಿಗಿಡ. ಉದ್ದುದ್ದ ಎಲೆ, ಪ್ರತಿ ಎಲೆಯ ತುದಿಯಿಂದ ಒಂದು ಪುಟ್ಟ ಹೂಜಿ ನೇತಾಡುತ್ತದೆ, ಹೂಜಿಗೆ ಮುಚ್ಚಳ ಬೇರೆ! ಅತ್ತೆಗೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತು. "ದೇವರೇ ಮಾಡಿದ ತೀರ್ಥದ ಪಾತ್ರೆ ಕಣೋ ಇದು" ಅಂತ ದೇವರ ಕೋಣೆಯ ಕಿಟಕಿಯಲ್ಲೇ ಜಾಗ ಕೊಟ್ಟರು. ದೇಚು ಏನೋ ಹೇಳಲು ಬಾಯಿ ತೆಗೆದು, ಹಾಗೇ ಮುಚ್ಚಿಕೊಂಡಳಂತೆ.

ಜನವರಿಯಲ್ಲಿ ಹೆರಿಗೆಗೆ ತವರಿಗೆ ಹೊರಟಾಗ ಅವಳು ಹೇಳಿದ್ದು ಇಷ್ಟೇ: "ಅತ್ತೆ, ಗಿಡಕ್ಕೆ ಮಳೆನೀರು ಹಾಕಿ. ಕ್ಯಾನಿನಲ್ಲಿ ತುಂಬಿಟ್ಟಿದ್ದೀನಿ. ಬೇರೆ ಏನೂ ಬೇಡ."

ಏನೂ ಬೇಡ ಅಂದವರಿಗೆ ಏನೂ ಕೊಡದೆ ಕೂರುವ ಜನವೇ ನಾವು? ನಮ್ಮ ಕಡೆ ಕಾಫಿ ಬೇಡ ಅಂದವರಿಗೆ ಕಾಫಿಯ ಜೊತೆ ಚಕ್ಕುಲಿಯೂ ಬರುತ್ತದೆ. ಸೊಸೆಗೆ ಸಂಕೋಚ, ಸೊಸೆಯ ಗಿಡಕ್ಕೂ ಸಂಕೋಚ ಅಂತ ಅತ್ತೆ ತೀರ್ಮಾನಿಸಿದರು. ಕ್ಯಾನಿನ ನೀರು ಮುಗಿದ ಮೇಲೆ ಬೋರ್‌ವೆಲ್ ನೀರು ಹಾಕಿದರು. ವಾರಕ್ಕೆರಡು ಸಲ ತೆಳು ಮಜ್ಜಿಗೆ. ಬುಡಕ್ಕೆ ಒಲೆ ಬೂದಿ. ಹೂಜಿಯೊಳಗೆ ಇರುವೆಯೋ ನೊಣವೋ ಬಿದ್ದು ಕೊಳೆತಿದ್ದರೆ "ಅಯ್ಯೋ, ಗಲೀಜು" ಅಂತ ತೆಗೆದು, ಹೂಜಿಗಳನ್ನು ಒಳಗಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿದರು. ಒಂದು ತಿಂಗಳಾಗುವಷ್ಟರಲ್ಲಿ ಎಲೆಗಳ ಮೇಲೆ ಕಂದು ಚುಕ್ಕೆ ಬಂತು.

ಇಲ್ಲಿ ನನ್ನ ಪ್ರವೇಶ. ನನ್ನದು ಶನಿವಾರಸಂತೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಕಾಫಿ ಗಿಡಕ್ಕೆ ಏನಾದರೂ ಆದರೆ ನಮ್ಮ ಜನ ಒಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಾರೆ. ನಾನು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, "ಹೂಂ" ಅನ್ನಬೇಕು. ನನ್ನ ಮರ್ಯಾದೆಯೆಲ್ಲ ಆ "ಹೂಂ" ಮೇಲೆ ನಿಂತಿದೆ. ಅತ್ತೆ ಸೆರಗಿನ ಗಂಟಿನಿಂದ ಎಲೆ ತೆಗೆದು ಕೌಂಟರ್ ಮೇಲಿಟ್ಟರು. ಸುತ್ತ ನಾಲ್ಕು ಜನ ಗಿರಾಕಿಗಳಿದ್ದರು. ಎಲೆ ಅಡಿಯಲ್ಲಿ ಹಳದಿ ಪುಡಿಯಿಲ್ಲ, ಹಾಗಾಗಿ ತುಕ್ಕು ರೋಗವಲ್ಲ. ಕೊಳೆತಿಲ್ಲ, ಹುಳುವಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

"ಹೂಂ" ಅಂದೆ. "ಶಿಲೀಂಧ್ರ ಅತ್ತೆ. ಬೋರ್ಡೋ ಹೊಡೀರಿ."

ನನಗೆ ಗೊತ್ತಾಗದ ರೋಗಕ್ಕೆಲ್ಲ ನಾನು ಹೇಳುವ ಮದ್ದು ಬೋರ್ಡೋ ದ್ರಾವಣ. ಮೈಲುತುತ್ತು, ಸುಣ್ಣ, ನೀರು. ಕಾಫಿಗೂ ಅದೇ, ಮೆಣಸಿಗೂ ಅದೇ. ಅತ್ತೆ ಹೋಗಿ ಭಕ್ತಿಯಿಂದ ಹೊಡೆದರು. ವಾರ ಕಳೆದು ನೋಡಿದರೆ ಬಸ್ಸಿನಿಂದ ಇಳಿಯುತ್ತಿದ್ದಾರೆ, ಕಂಕುಳಲ್ಲಿ ಕುಂಡ, ಕುಂಡಕ್ಕೆ ಶಾಲು ಹೊದಿಸಿದೆ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯಂಚು ಸುಟ್ಟಂತಾಗಿತ್ತು. ಹೂಜಿಗಳು ಒಣಗಿ ನೇತುಬಿದ್ದಿದ್ದವು. ಬಸ್ಸಿನಲ್ಲಿ ಕಂಡಕ್ಟರು ದೃಷ್ಟಿಯಾಗಿದೆ ಅಂದನಂತೆ, ಪಕ್ಕದ ಸೀಟಿನ ಹೆಂಗಸು ಮೆಣಸಿನಕಾಯಿ ನಿವಾಳಿಸಿ ಅಂದಳಂತೆ. ನನ್ನ ಚಿಕಿತ್ಸೆಗಿಂತ ಅವೇ ಮೇಲು ಅನ್ನಿಸಿ ನನಗೆ ನಾಚಿಕೆಯಾಯಿತು.

ಕೊನೆಗೆ ಮೊಬೈಲಿನಲ್ಲಿ ಗಿಡದ ಫೋಟೋ ತೆಗೆದು ಹುಡುಕಿದೆ. ಓದಿ ಮುಗಿಸಿ ಮೊಬೈಲನ್ನು ಕೌಂಟರ್ ಮೇಲೆ ಬೋರಲು ಹಾಕಿದೆ.

"ಅತ್ತೆ, ಕೂತ್ಕೊಳ್ಳಿ."

"ಯಾಕೋ? ಉಳಿಯೋದಿಲ್ವಾ?"

"ಅದಲ್ಲ. ಇದು ಮಾಂಸಾಹಾರಿ ಗಿಡ. ಹುಳ ಹುಪ್ಪಟೆ ತಿನ್ನುತ್ತೆ."

ಅತ್ತೆ ಗೊಬ್ಬರದ ಮೂಟೆಯ ಮೇಲೆ ಕೂತರು. "ಎರಡು ವರ್ಷದಿಂದ? ದೇವರ ಕೋಣೆ ಕಿಟಕೀಲಿ?" ಅಂದರು. ನಾನು ತಲೆಯಾಡಿಸಿದೆ. ಇನ್ನು ಕುಂಡಕ್ಕೂ ಸೀಗೆಪುಡಿ ಸ್ನಾನವೇ ಗತಿ ಅಂದುಕೊಂಡೆ. ಆದರೆ ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ಹೂಜಿಯೊಳಗೆ ಇಣುಕಿದರು.

"ಹಲ್ಲೆಲ್ಲಿದೆ ಇದಕ್ಕೆ?"

"ಹಲ್ಲಿಲ್ಲ. ಒಳಗಿರೋ ನೀರಲ್ಲೇ ಅರಗಿಸಿಕೊಳ್ಳುತ್ತೆ."

"ಆ ನೀರನ್ನೇ ಕಣೋ ನಾನು ದಿನಾ ಚೆಲ್ಲಿ ಒರೆಸಿದ್ದು! ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತೋ?"

"ಇಲ್ಲ, ಹುಳ ತಾನೇ ಬಂದು ಜಾರಿ ಬೀಳುತ್ತೆ."

"ತಾನೇ ಬೀಳೋದಾದ್ರೆ ಅದು ಹುಳದ ತಪ್ಪು" ಅಂತ ತೀರ್ಪು ಕೊಟ್ಟು ಅತ್ತೆ ಎದ್ದರು. ಬಾಗಿಲ ಹತ್ತಿರ ನಿಂತು, ಬೇರೆಯದೇ ದನಿಯಲ್ಲಿ ಹೇಳಿದರು: "ಇದು ಸತ್ರೆ ಆ ಹುಡುಗಿ ಏನಂದ್ಕೊಳ್ತಾಳೆ ಗೊತ್ತಾ? ಮಾಂಸ ತಿನ್ನುತ್ತೆ ಅಂತ ಅತ್ತೆ ಬೇಕಂತಲೇ ಕೊಂದ್ರು ಅಂದ್ಕೊಳ್ತಾಳೆ. ಬಾಯಿಬಿಟ್ಟು ಹೇಳೋದೂ ಇಲ್ಲ. ಉಳಿಸಿಕೊಡೋ."

ಹೊಸ ಚಿಕಿತ್ಸೆ ಶುರುವಾಯಿತು. ಈ ಗಿಡಕ್ಕೆ ಉಪ್ಪು, ಸುಣ್ಣದ ಅಂಶವಿರುವ ನೀರು ಆಗದು. ಗೊಬ್ಬರ, ಬೂದಿ, ಮಜ್ಜಿಗೆ, ನನ್ನ ಬೋರ್ಡೋ ಎಲ್ಲವೂ ವಿಷ. ಹಾಳಾದ ಎಲೆ ಕತ್ತರಿಸಿ, ಬುಡಕ್ಕೆ ಶುದ್ಧ ನೀರು ಹುಯ್ದು ಹುಯ್ದು ಕೊಳೆ ಇಳಿಸಬೇಕು. ಮಾರ್ಚ್ ತಿಂಗಳಲ್ಲಿ ಮಳೆನೀರು ಎಲ್ಲಿಂದ ತರುವುದು? ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ, ಭಟ್ಟಿ ಇಳಿಸಿದ ನೀರಿನ ಕ್ಯಾನು ತಂದುಕೊಟ್ಟೆ. ಕ್ಯಾನು ನೋಡಿ ಜೀಪು ಎಲ್ಲಿದೆ ಅಂತ ಅಕ್ಕಪಕ್ಕದವರು ಕೇಳಿದಾಗ ಅತ್ತೆ ದೇವರ ಕೋಣೆ ತೋರಿಸಿದರು.

ಕಿಟಕಿ ತೆರೆದಿಡಬೇಕು, ಸೊಳ್ಳೆ ಬ್ಯಾಟು ಆ ಕಡೆ ಬೀಸಬಾರದು ಅಂತಲೂ ಹೇಳಿದ್ದೆ. ಇನ್ನೊಂದು ದಿನ ಹೋಗಿ ನೋಡಿದರೆ ಕುಂಡದ ಅಂಚಿನಲ್ಲಿ ಒಂದು ಚೂರು ಬೆಲ್ಲ.

"ಅತ್ತೆ, ಇದೇನು?"

"ಇರುವೆಗೆ ಇಟ್ಟಿದ್ದು. ಪಾಪ, ಅವೂ ಬದುಕಬೇಕಲ್ಲ."

"ಬೆಲ್ಲ ತಿಂದ ಮೇಲೆ ಎಲ್ಲಿ ಹೋಗ್ತವೆ?"

"ಅದು ಅವರವರ ಇಷ್ಟ" ಅಂದು ಅತ್ತೆ ಮುಖ ತಿರುಗಿಸಿಕೊಂಡು ವಿಭೂತಿ ಧರಿಸತೊಡಗಿದರು.

ಆ ವರ್ಷ ಕಾಫಿ ಹೂವರಳಿಸುವ ಮಳೆಗೆ ನಾವೆಲ್ಲ ಮುಗಿಲು ನೋಡುತ್ತಿದ್ದರೆ, ಸ್ವಂತ ತೋಟವಿದ್ದೂ ಅತ್ತೆ ಕಾದದ್ದು ಒಂದೇ ಒಂದು ಕುಂಡಕ್ಕೋಸ್ಕರ. ಮಳೆ ಬಂದ ಮಧ್ಯಾಹ್ನ ಮನೆಯ ಕೊಳಗ, ಬಿಂದಿಗೆ, ಚರಿಗೆ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟರು, ಹಬ್ಬಕ್ಕೆ ಮಾತ್ರ ಇಳಿಯುವ ಬೆಳ್ಳಿ ತಂಬಿಗೆ ಸಹಿತ. ಇಪ್ಪತ್ತು ದಿನ ಕಳೆದು ಫೋನು ಬಂತು: "ಹೊಸ ಎಲೆ ಬಿಟ್ಟಿದೆ ಕಣೋ. ಭೂತಗನ್ನಡೀಲಿ ನೋಡಿದೆ, ಒಂದೂ ಚುಕ್ಕೆ ಇಲ್ಲ." ಹಳೆ ಎಲೆಯ ಚುಕ್ಕೆ ಮಾಯವಾಗುವುದಿಲ್ಲ, ಹೊಸ ಎಲೆ ನೋಡಿಯೇ ಗುಣವಾಯಿತು ಅನ್ನಬೇಕು ಅಂತ ನಾನೇ ಅವರಿಗೆ ಹೇಳಿದ್ದೆ. ಈಗ ಅದನ್ನು ಅವರು ನನಗೆ ಹೇಳಿಕೊಟ್ಟರು.

ಜೂನ್ ಮೊದಲ ವಾರ ದೇಚು ಮಗುವಿನೊಂದಿಗೆ ಬರುವ ದಿನ ಬೆಳಿಗ್ಗೆಯೇ ಅತ್ತೆ ನನ್ನನ್ನು ಕರೆಸಿಕೊಂಡರು. ಗಿಡದ ಎಲೆ ತುದಿಯಲ್ಲಿ ಹೆಬ್ಬೆರಳಿನಷ್ಟು ಹೊಸ ಹೂಜಿ ಮುಚ್ಚಳ ತೆರೆದಿತ್ತು. ನಾನು ಮೆಚ್ಚಿ ನೋಡುತ್ತಿದ್ದರೆ ಅತ್ತೆ "ಅದಲ್ಲ, ಈಚೆ ಬಾ" ಅಂತ ಹಿಂದಿನ ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿ ಹೊಸ ಗ್ಯಾಸ್ ಒಲೆ. ಹೊಸ ಬಾಣಲೆ, ಪಾತ್ರೆ, ಸೌಟು, ತಟ್ಟೆ. ಮೂಲೆಯಲ್ಲಿ ಪೇಪರು ಮುಚ್ಚಿದ್ದ ಒಂದು ಟ್ರೇ. ಪೇಪರು ಎತ್ತಿದರೆ, ಮೊಟ್ಟೆ.

ನಾನು ಪೇಪರನ್ನು ಮತ್ತೆ ಮುಚ್ಚಿದೆ.

"ಗಿಡಕ್ಕೆ ನನ್ನ ಊಟ ಹಾಕಿ ಸಾಯಿಸೋದ್ರಲ್ಲಿದ್ದೆ" ಅಂದರು ಅತ್ತೆ. "ಅದಾದ್ರೂ ಎಲೆ ಮೇಲೆ ಚುಕ್ಕೆ ತೋರಿಸ್ತು. ಆ ಹುಡುಗಿ ಎರಡು ವರ್ಷ ಸಾಕು ಅತ್ತೆ, ಸಾಕು ಅತ್ತೆ ಅಂತ ತಟ್ಟೆ ಎತ್ತಿಕೊಂಡು ಹೋದ್ಲು. ನಾನು ಸಂಕೋಚ ಅಂದ್ಕೊಂಡೆ ಕಣೋ." ಕಣ್ಣು ತುಂಬಿ ಬಂದಿತ್ತು, ಸೆರಗಿನಿಂದ ಒರೆಸಿಕೊಂಡರು. ಆ ಮನೆಯಲ್ಲಿ ನಾನೂ ಎಷ್ಟೋ ಸಲ ಅವಳ ಎದುರಿಗೆ ಕೂತು ಉಂಡವನು.

"ಅದಿರಲಿ, ಇದು ಬೇಯೋಕೆ ಎಷ್ಟು ಹೊತ್ತು ಬೇಕು?"

"ನೀರು ಕುದಿ ಬಂದ ಮೇಲೆ ಹತ್ತು ನಿಮಿಷ" ಅಂದೆ. ನಿನಗೆ ಹೇಗೆ ಗೊತ್ತೋ ಅಂತ ಅತ್ತೆ ಕೇಳಲಿಲ್ಲ. ದೊಡ್ಡ ಮನಸ್ಸು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಅತ್ತೆ ಉದ್ದ ಹಿಡಿಯ ಸೌಟನ್ನು ಕೈ ಚಾಚಿ ದೂರದಿಂದಲೇ ಹಿಡಿದುಕೊಂಡು ಬಂದು ದೇಚುವಿನ ಹೊಸ ತಟ್ಟೆಗೆ ಒಂದು ಮೊಟ್ಟೆ ಇಳಿಸಿದರು. ದೇಚು ತಟ್ಟೆ ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ನಿಧಾನವಾಗಿ ತಿಂದಳು. ಮುಗಿದ ಮೇಲೆ, ಎರಡು ವರ್ಷದ ಅಭ್ಯಾಸ ನೋಡಿ, "ಸಾಕು ಅತ್ತೆ" ಅಂದಳು.

ಅತ್ತೆ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ಇನ್ನೊಂದು ಹಾಕಿದರು.