ಗಷ್ಟಿನ ನಿದ್ದೆ

"ಕೆಂಪು ವೈನನ್ನು ಲೋಟಕ್ಕೆ ಬಗ್ಗಿಸೋ ವಿದ್ಯೆ ಬಲ್ಲವರು ಇಡೀ ಬೋರ್ಡೋ ಸೀಮೆಯಲ್ಲಿ ಇಬ್ಬರೇ! ಒಬ್ಬರು ನಮ್ಮಪ್ಪ, ಸ್ವರ್ಗದಲ್ಲಿದ್ದಾರೆ. ಇನ್ನೊಬ್ಬ ನಿನ್ನ ಮುಂದೆ ನಿಂತಿದ್ದಾನೆ, ಕಣ್ತುಂಬ ನೋಡ್ಕೋ!"

ಹೆಂಡತಿ ಸೊಲಾಂಜಳಿಗೆ ಹೀಗೆ ಹೇಳಿದ ಎವಾರಿಸ್ತ್ ಎದೆ ತಟ್ಟಿಕೊಳ್ಳಲಿಲ್ಲ. ಕೈಗೆ ಬಿಡುವಿರಲಿಲ್ಲ. ಹಸುಗೂಸನ್ನು ಎತ್ತಿಕೊಂಡ ಸೂಲಗಿತ್ತಿಯಂತೆ ಅವನು ಎರಡೂ ಕೈಯಲ್ಲಿ ಒಂದು ಸೀಸೆ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದ. ಅವನಪ್ಪ ಮಾಡಿದ ಕೊನೆಯ ಸುಗ್ಗಿಯ ಕೊನೆಯ ಸೀಸೆ ಅದು. ಮೂವತ್ತೇಳು ವರ್ಷ ಕತ್ತಲಲ್ಲಿ ಮಲಗಿ ಈಗಷ್ಟೇ ಬೆಳಕು ಕಂಡಿತ್ತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಬರುವವರು ಕಸ್ತೇನ್ ಸಾಹೇಬರು. ಊರಿನ ಕೆಂಪು ನಿಲುವಂಗಿ ಸಂಘದ ಯಜಮಾನರು. ವೈನಿನ ಮರ್ಮ ಬಲ್ಲ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಸಂಘ ವರ್ಷಕ್ಕೊಮ್ಮೆ ನಿಲುವಂಗಿ ತೊಡಿಸುತ್ತದೆ. ಎವಾರಿಸ್ತ್ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದ. ಕಾದು ಕಾದು, ನಡುಮನೆಯ ಕೆಂಪು ಪರದೆಯನ್ನೇ ಬಿಚ್ಚಿ ಹೊದ್ದು ಕನ್ನಡಿಯ ಮುಂದೆ ಗಂಭೀರವಾಗಿ ನಡೆಯುವುದನ್ನು ಕಲಿತಿದ್ದ.

ಹಳೆಯ ವೈನಿನಲ್ಲಿ ಗಷ್ಟು ಇರುತ್ತದೆ. ಸೀಸೆಯನ್ನು ನಾಲ್ಕು ದಿನ ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳ ಸೇರಿ, ಮೇಲಿನದು ಮಾಣಿಕ್ಯದಂತೆ ತಿಳಿಯಾಗುತ್ತದೆ. ಅಲುಗಿದರೆ ಕೆಸರು, ಬಾಯೆಲ್ಲ ಕಹಿ! ಎವಾರಿಸ್ತ್ ಸೀಸೆಯನ್ನು ಅಡುಗೆಮನೆಯ ಗೂಡಿನಲ್ಲಿ ಪ್ರತಿಷ್ಠಾಪಿಸಿ ಪಿಸುದನಿಯಲ್ಲಿ ಶಾಸನ ಹೊರಡಿಸಿದ.

"ಭಾನುವಾರದ ತನಕ ಈ ಮನೆಯಲ್ಲಿ ಹೆಜ್ಜೆ ಸಪ್ಪಳ ಆಗಕೂಡದು. ಗಷ್ಟು ಮಲಗ್ತಾ ಇದೆ."

"ಅಲ್ರೀ, ಮಕ್ಕಳು ತೊಟ್ಟಿಲಲ್ಲಿದ್ದಾಗ ನೀವು ಧಡಧಡ ಓಡಾಡ್ತಿದ್ರಲ್ಲ?"

"ಮಕ್ಕಳು ಎದ್ರೆ ಮತ್ತೆ ಮಲಗಿಸ್ಬಹುದು ಕಣೇ. ಇದು ಎದ್ರೆ ಮುಗೀತು! ಬಟ್ಟೆ ಒಗೆಯೋ ಮಷೀನೂ ಹಾಕ್ಬೇಡ, ನೆಲ ನಡುಗುತ್ತೆ."

"ಹಾಗಾದ್ರೆ ಭಾನುವಾರ ಏನು ತೊಟ್ಕೋತೀರಿ? ಪರದೇನಾ?"

ಕುಂಭಕರ್ಣನನ್ನು ಎಬ್ಬಿಸಲು ಡೋಲು ಬಾರಿಸಬೇಕಿತ್ತಂತೆ. ಈ ಗಷ್ಟಿಗೆ ಸೊಳ್ಳೆ ಸೀನಿದರೂ ಸಾಕು!

ಮನೆ ಕನಸಿನೊಳಗೆ ಇಳಿಯಿತು. ಗಡಿಯಾರದ ಲೋಲಕವನ್ನು ನಿಲ್ಲಿಸಲಾಯಿತು. ಅದರ ಜೊತೆ ಹೊತ್ತೂ ನಿಂತಂತಾಯಿತು. ಸೊಲಾಂಜ್ ಸೀನು ಬಂದಾಗಲೆಲ್ಲ ದ್ರಾಕ್ಷಿ ಸಾಲುಗಳಾಚೆ ಓಡಿಹೋಗಿ ಸೀನಿ ಬರುತ್ತಿದ್ದಳು. ಈ ಮನೆಯವರು ತೀರಿಹೋದರೆಂದು ತಿಳಿದ ಇಲಿಗಳು ಎರಡು ದಿನ ಮರ್ಯಾದೆಗೆ ಬಿಲದಿಂದ ಹೊರಬರಲಿಲ್ಲ. ನದಿಯ ಕಡೆಯಿಂದ ನವೆಂಬರಿನ ಮಂಜು ಬಂದು ಕಿಟಕಿಗೆ ಕೆನ್ನೆಯೊತ್ತಿ ನಿಲ್ಲುತ್ತಿತ್ತು. ಸಂಜೆ ನಾಲ್ಕಕ್ಕೆ ಮಂಜು ಸೀಳಿ ಬಂದ ಒಂದೇ ಒಂದು ಬಿಸಿಲುಕೋಲು ಸೀಸೆಯನ್ನು ಹಾದು ಗೋಡೆಯ ಮೇಲೆ ಕೆಂಪಗೆ ತೂಗುತ್ತಿತ್ತು. ಅದನ್ನೇ ನೋಡುತ್ತ ಕುರ್ಚಿಯಲ್ಲಿ ತೂಕಡಿಸುವ ಎವಾರಿಸ್ತನಿಗೆ ಅಪ್ಪ ಕಾಣುತ್ತಿದ್ದರು. ಬಳ್ಳಿಗಳ ನಡುವೆ ಸದ್ದಿಲ್ಲದೆ ನಡೆದು ಬಂದು, ಅವನ ಹೆಗಲ ಮೇಲಿನ ನಿಲುವಂಗಿಯ ನೆರಿಗೆ ಸರಿಪಡಿಸಿ ಹೋಗುತ್ತಿದ್ದರು.

ಒಂದೇ ತೊಡಕು: ಅತ್ತೆ ಲಿಯೋಂತೀನ್. ತೊಂಬತ್ತೊಂದು ವರ್ಷ, ಎರಡೂ ಕಿವಿ ಮಂದ. ಸದ್ದು ಮಾಡಬೇಡಿ ಎಂದು ಅವರಿಗೆ ಹೇಳಬೇಕಾದರೆ ಕೂಗಬೇಕು. ಕೂಗಿದರೆ ಗಷ್ಟು ಎದ್ದೀತು! ಎವಾರಿಸ್ತ್ ಸನ್ನೆಯ ಮೊರೆಹೊಕ್ಕ. ಸೀಸೆಯತ್ತ ತೋರಿಸಿದ, ತುಟಿಯ ಮೇಲೆ ಬೆರಳಿಟ್ಟ, ಅಂಗೈಗಳನ್ನು ಜೋಡಿಸಿ ಕೆನ್ನೆಯ ಕೆಳಗಿಟ್ಟು ಕಣ್ಣು ಮುಚ್ಚಿದ. ಅತ್ತೆ ತಲೆಯಾಡಿಸಿ, ಪ್ರೀತಿಯಿಂದ ಅಳಿಯನ ಕೆನ್ನೆ ತಟ್ಟಿದರು.

ಭಾನುವಾರ ಕಸ್ತೇನ್ ಸಾಹೇಬರನ್ನೂ ತುದಿಗಾಲಲ್ಲೇ ಒಳಗೆ ಕರೆತರಲಾಯಿತು. ಸೊಲಾಂಜ್ ಸೂಪು ಬಡಿಸಿದಳು. ಎವಾರಿಸ್ತ್ ಉಸಿರು ಬಿಗಿಹಿಡಿದು ಬಿರಡೆ ತೆಗೆದ. ಇನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಗಷ್ಟಿನ ಚಲನವಲನ ನೋಡುತ್ತ ಗಾಜಿನ ಹೂಜಿಗೆ ಬಗ್ಗಿಸುವ ಮಹಾವಿದ್ಯೆ! ಬತ್ತಿ ಪಕ್ಕದ ಕೋಣೆಯಲ್ಲಿತ್ತು. ತರಲು ಹೋದ.

ಆ ಸೀಮೆಯಲ್ಲಿ ಅಜ್ಜಿಯರ ಕಾಲದ ಒಂದು ರೂಢಿಯಿದೆ. ಬಟ್ಟಲಿನ ತಳದಲ್ಲಿ ಸ್ವಲ್ಪ ಸೂಪು ಉಳಿದಾಗ ಅದಕ್ಕೆ ಕೆಂಪು ವೈನು ಸುರಿದು, ಬಟ್ಟಲನ್ನೇ ಎತ್ತಿ ಕುಡಿಯುವುದು. ಲಿಯೋಂತೀನರ ಸೂಪು ತಳ ಕಂಡಿತ್ತು.

ಎವಾರಿಸ್ತ್ ಉರಿಯುವ ಬತ್ತಿಯೊಂದಿಗೆ ಬಾಗಿಲಿಗೆ ಬಂದಾಗ ಅತ್ತೆ ಸೀಸೆಯ ಬಾಯಿಗೆ ಹೆಬ್ಬೆರಳೊತ್ತಿ, ಮಜ್ಜಿಗೆ ಕಡೆಯುವವರಂತೆ ಗಡಗಡ ಕುಲುಕುತ್ತಿದ್ದರು. ಮಾಣಿಕ್ಯ ಮಳೆಗಾಲದ ಹೊಳೆಯಾಗಿತ್ತು.

"ಅತ್ತೇ!!"

ನಾಲ್ಕು ದಿನದ ಕೂಗು ಒಟ್ಟಿಗೇ ಹೊರಬಿತ್ತು. ಲಿಯೋಂತೀನರಿಗೂ ಕೇಳಿಸಿತು!

"ಯಾಕೆ ಕಿರಚ್ತೀರಾ ಅಳಿಯಂದ್ರೇ? ಸತ್ವವೆಲ್ಲ ತಳದಲ್ಲಿ ಕೂತಿತ್ತು. ಔಷಧೀನ ಕುಲುಕದೆ ಕುಡೀತಾರಾ?"

"ಔಷಧಿ ಅಂತ ಯಾರು ಹೇಳಿದ್ದು?"

"ನೀವೇ! ಬಾಯಿ ಮುಟ್ಟಿ ತೋರಿಸ್ಲಿಲ್ವಾ, ಕಣ್ಣು ಮುಚ್ಚಿ ಮಲಗ್ಲಿಲ್ವಾ? ಕುಡಿದ್ರೆ ಒಳ್ಳೆ ನಿದ್ದೆ ಬರುತ್ತೆ ಅಂತ!"

ಎವಾರಿಸ್ತನ ನಿಟ್ಟುಸಿರಿಗೆ ಬತ್ತಿ ಆರಿತು. ಅಷ್ಟರಲ್ಲಿ ಅತ್ತೆ ಅತಿಥಿಯ ಬಟ್ಟಲಿಗೂ ಧಾರಾಳವಾಗಿ ಸುರಿದಾಗಿತ್ತು. ಕಸ್ತೇನ್ ಸಾಹೇಬರು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ಕಣ್ಣು ಮುಚ್ಚಿದರು. ತೆರೆಯಲಿಲ್ಲ. ಎವಾರಿಸ್ತನಿಗೆ ತನ್ನ ನಿಲುವಂಗಿ ಕಿಟಕಿಯಿಂದ ಹಾರಿ ಮಂಜಿನಲ್ಲಿ ಕರಗುವುದು ಸ್ಪಷ್ಟವಾಗಿ ಕಂಡಿತು.

"ನಮ್ಮಜ್ಜಿ ಒಲೆ ಪಕ್ಕ ಕೂರಿಸ್ಕೊಂಡು ಹೀಗೇ ಕುಡಿಸ್ತಿದ್ರು," ಸಾಹೇಬರು ನಿದ್ದೆಯಲ್ಲಿ ಮಾತಾಡುವಂತೆ ಅಂದರು. "ಅರವತ್ತು ವರ್ಷ ಆಯ್ತು. ಆಮೇಲೆ ಬರೀ ಮೂಸೋದು, ಮುಕ್ಕಳಿಸೋದು, ಉಗಿಯೋದು! ವೈನು ನುಂಗೋದೇ ಮರೆತುಹೋಗಿತ್ತು. ತಾಯೀ, ಇನ್ನೊಂದು ಸೌಟು ಸೂಪು ಇದ್ಯಾ?"

ಎವಾರಿಸ್ತನ ಪಾಲಿಗೆ ಉಳಿದದ್ದು ತಳದ ಎರಡು ಗುಟುಕು, ಗಷ್ಟು ಸಮೇತ. ಅವನೂ ಸೂಪಿಗೇ ಸುರಿದುಕೊಂಡ. ಅದರಲ್ಲಿ ಅಪ್ಪನ ಹಳೇ ಕೋಟಿನ ವಾಸನೆಯಿತ್ತು. ಅವನು ಬಹಳ ಹೊತ್ತು ಬಟ್ಟಲು ಕೆಳಗಿಡಲಿಲ್ಲ.

ಹದಿನೈದು ದಿನಕ್ಕೆ ನಿಲುವಂಗಿ ಮನೆಗೆ ಬಂತು. ಲಿಯೋಂತೀನರ ಹೆಸರಿಗೆ! ಉದ್ದವಾಯಿತೆಂದು ಸೊಲಾಂಜ್ ಒಂದು ಗೇಣು ಮಡಚಿ ಹೊಲಿದಳು. ಪರದೆ ಕಿಟಕಿಗೆ ಮರಳಿತು.

ಸಮಾರಂಭದ ದಿನ ಊರೆಲ್ಲ ನೆರೆದಿತ್ತು. ಅತ್ತೆಯ ಕುರ್ಚಿ ಹೊತ್ತು ತಂದವನು ಎವಾರಿಸ್ತ್. ವಾರವಿಡೀ ಅವರ ಕಿವಿಯಲ್ಲಿ ಅವನು ಕೂಗಿ ಉರುಹೊಡೆಸಿದ್ದ: "ಮಣ್ಣು, ಬಿಸಿಲು, ತಾಳ್ಮೆ, ಅಷ್ಟು ಹೇಳಿ ಸಾಕು!"

ಕಸ್ತೇನ್ ಸಾಹೇಬರು ಬಾಗಿ ಗಟ್ಟಿಯಾಗಿ ಕೇಳಿದರು: "ತಾಯೀ, ಒಳ್ಳೆ ಕೆಂಪು ವೈನು ರುಚಿಸೋಕೆ ಏನೇನು ಬೇಕು?"

ಎವಾರಿಸ್ತ್ ಹಿಂದಿನಿಂದ ಅವರ ಕಿವಿಗೇ ಬಾಯಿಟ್ಟು ಪಿಸುಗುಟ್ಟಿದ: "ಮಣ್ಣು, ಮಣ್ಣು..."

ಲಿಯೋಂತೀನ್ ತಿರುಗಿ ಅವನನ್ನೊಮ್ಮೆ ನೋಡಿ, ನಿಲುವಂಗಿಯ ನೆರಿಗೆ ಸರಿಪಡಿಸಿಕೊಂಡು ಹೇಳಿದರು:

"ಸೂಪು ಬಿಸಿಯಾಗಿರ್ಬೇಕು. ಅಳಿಯ ತೆಪ್ಪಗಿರ್ಬೇಕು!"